ಹೀಟರ್ ಹಿಂದಿನ ಮರಿ

19 ಜನವರಿ 2025, ಭಾನುವಾರ, ಚಿಕ್ಕಬಳ್ಳಾಪುರ

ಸಂಕ್ರಾಂತಿಗೆ ಬಂದ ಅಮ್ಮ ಇನ್ನೂ ಇಲ್ಲೇ ಇದಾಳೆ, ಅವರೆಕಾಯಿ ಮುಗಿಯೋತನಕ ಊರಿಗೆ ಹೋಗಲ್ಲ ಅಂತೆ. ಮಧ್ಯಾಹ್ನ ಮೊರ ತಗೊಂಡು ಮೀನಿನ ಟ್ಯಾಂಕ್ ಮುಂದೆ ಕೂತು ಕಾಯಿ ಸುಲೀತಿದ್ಲು. ನಾನು ಮೀನಿನ ಊಟದ ಕಾಳು ಹಾಕಿದ್ದು ನೋಡಿ, "ಏನಪ್ಪಾ, ಆ ಮೂಲೇಲಿರೋ ಸಣ್ಣದು ಊಟಕ್ಕೇ ಬರಲ್ವಲ್ಲ" ಅಂದ್ಲು.

ಆಮೇಲೆ ಯಾವ ಕೆಲಸಾನೂ ಕೈಗೆ ಹತ್ತಿಲ್ಲ.

ಹೀಟರ್ ಹಿಂದೆ, ನೀರಿನ ಮೇಲ್ಗಡೆ ಮೂಲೇಲಿ ಆ ಯೆಲ್ಲೋ ಲ್ಯಾಬ್ ಅನ್ನೋ ಹಳದಿ ಮೀನಿನ ಮರಿ ಯಾವಾಗ್ಲೂ ನಿಂತಿರುತ್ತೆ. ಚಳಿಗೆ ಬೆಚ್ಚಗಿರುತ್ತೆ ಅಂತ ಅಲ್ಲಿದೆ ಅಂದ್ಕೊಂಡಿದ್ದೆ. 14 ತಿಂಗಳ ಹಿಂದೆ ಆರು ಮರಿ ಒಟ್ಟಿಗೇ ತಂದಿದ್ದು, ಎಲ್ಲಾ ಒಂದೊಂದು ಇಂಚು. ಇವತ್ತು ಪುಟ್ಟಿಯ ಸ್ಕೇಲ್ ತಗೊಂಡು ಗಾಜಿಗೆ ಹಿಡಿದ್ರೆ ಐದು ಮರಿ ಮೂರೂವರೆ ಇಂಚಿನ ಹತ್ರ ಬಂದಿವೆ, ಇದು ಒಂದೂವರೆ ದಾಟಿಲ್ಲ. ಬೆಳೆಯೋದೇ ಇಷ್ಟು ಅಂತ ಸುಮ್ಮನಿದ್ದುಬಿಟ್ಟೆ. ದಿನಾ ಎರಡು ಹೊತ್ತು ಕಾಳು ಹಾಕೋನು ನಾನು, ತಿನ್ನುತ್ತೋ ಇಲ್ವೋ ಅಂತ ನೋಡಿಲ್ಲ.

ನೀರಿನ ತಪ್ಪಲ್ಲ ಇದು. ನಮ್ಮ ಬೋರ್ ನೀರು ಬಕೆಟ್ಟಿಗೆಲ್ಲ ಬಿಳಿ ಕಟ್ಟುತ್ತೆ, ನಾವು ಕುಡಿಯೋಕಾಗಲ್ಲ, ಆದ್ರೆ ಆಫ್ರಿಕಾದ ಮಲಾವಿ ಸರೋವರದ ಈ ಮೀನಿಗೆ ಗಡಸು ನೀರು ಒಗ್ಗುತ್ತೆ. ವಾರವಾರ ಮೂರನೇ ಒಂದು ಭಾಗ ಬದಲಾಯಿಸ್ತೀನಿ. ತೊಂದರೆ ಇರೋದು ಅದೇ ಟ್ಯಾಂಕಲ್ಲಿರೋ ಆರಾಟಸ್ ಅನ್ನೋ ಇನ್ನೊಂದು ಜಾತಿ ಮೀನಿನ ಹತ್ರ. ಆಫ್ರಿಕನ್ ಮಿಕ್ಸ್ ಅಂತ ಅಂಗಡಿಯೋನು ಕೊಟ್ಟಾಗ ಅದೂ ಹಳದಿನೇ, ಉದ್ದಕ್ಕೆ ಕಪ್ಪು ಪಟ್ಟೆ, ಗಂಡು ಬಲಿತಮೇಲೆ ಮೈಯೆಲ್ಲಾ ಕಪ್ಪಿಗೆ ತಿರುಗಿ ಅರ್ಧ ಟ್ಯಾಂಕ್ ತನ್ನದು ಅಂತ ಕೂತಿದೆ. ದೀಪಾವಳಿ ಹೊತ್ತಿಗೆ ಕಲ್ಲೆಲ್ಲಾ ಎತ್ತಿ ಬೇರೆ ಥರ ಜೋಡಿಸಿದ್ದೆ, ಯಾರ ಜಾಗ ಯಾವುದು ಅಂತ ಗೊತ್ತಾಗದೆ ಎರಡು ದಿನ ತಣ್ಣಗಿತ್ತು, ಮೂರನೇ ದಿನ ಮತ್ತೆ ಅದೇ. ಅದು ಅಟ್ಟಿಸ್ಕೊಂಡು ಬರೋದು ದಿನಕ್ಕೆ ಹತ್ತು ಸಲ ಇರ್ಬೋದು, ಮರಿ ಮಾತ್ರ ದಿನವಿಡೀ ಹೆದರಿಕೊಂಡೇ ನಿಂತಿರುತ್ತೆ, ಹಂಗಿದ್ರೆ ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನು, ಇಳಿಯಲ್ಲ, ಹಸಿವು ಸತ್ತೋಗುತ್ತೆ, ತಿಂದ ಎರಡು ಕಾಳೂ ಮೈಗೆ ಹತ್ತಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳೋಕೆ ಹೋದೆ. ಅವಳು ಅರ್ಧಕ್ಕೇ ತಡೆದ್ಲು.

"ರೇಷ್ಮೆ ಹುಳ ಮೇಯಿಸ್ತಿದ್ದಾಗ ನೋಡಿಲ್ವೇನೋ ನೀನು? ಒಂದೇ ತಟ್ಟೇಲಿ ಮುಂದಿನೋವು ಪೊರೆ ಬಿಡೋ ಜ್ವರಕ್ಕೆ ಕೂತಿರ್ತವೆ, ಹಿಂದಿನೋವು ಇನ್ನೂ ಸೊಪ್ಪು ಹುಡುಕ್ತಿರ್ತವೆ. ನಾನೇನ್ಮಾಡ್ತಿದ್ದೆ?"

"ಆರಿಸಿ ಬೇರೆ ತಟ್ಟೆಗೆ ಹಾಕ್ತಿದ್ದೆ."

"ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕ್ತಿದ್ದೆ. ಅವೂ ಗೂಡು ಕಟ್ಟಿದ್ವು, ಶಿಡ್ಲಘಟ್ಟದ ಮಾರ್ಕೆಟ್‌ಗೆ ನಿಮ್ಮಪ್ಪ ಅವನ್ನೂ ಸೇರಿಸ್ಕೊಂಡೇ ಹೋಗ್ತಿದ್ರು. ಎದ್ದೇಳು, ಬೇರೆ ಮಾಡು."

ನಾಲ್ಕನೇ ಜ್ವರ ಎದ್ದಮೇಲೆ ರಾತ್ರಿಯೆಲ್ಲಾ ಸೊಪ್ಪು ತಿನ್ನೋ ಸದ್ದು, ಮಳೆ ಹನಿ ಬಿದ್ದಂಗೆ, ನಾನು ತಟ್ಟೆ ಸ್ಟ್ಯಾಂಡ್ ಪಕ್ಕದಲ್ಲೇ ಮಲಗ್ತಿದ್ದೆ. ಎಷ್ಟು ವರ್ಷ ಆಯ್ತು ಆ ಸದ್ದು ಕೇಳಿ.

ಸರಿ, ಸಂಜೆ ಮರಿಯನ್ನ ಒಂದೂವರೆ ಅಡಿ ಟ್ಯಾಂಕ್‌ಗೆ ಬಿಟ್ಟೆ, ದೊಡ್ಡ ಟ್ಯಾಂಕ್‌ದೇ ನೀರು, ಅದ್ರಲ್ಲೇ ಇದ್ದ ಸ್ಪಂಜ್ ಫಿಲ್ಟರ್, ಮುರಿದ ಹೂಕುಂಡ ಒಂದು. ಬಾಲದ ರೆಕ್ಕೆ ಚೂರುಚೂರಾಗಿದೆ, ಬಲೆಯಲ್ಲಿ ಹತ್ತಿರ ಬಂದಾಗಲೇ ಕಂಡಿದ್ದು. ಇಡೀ ಟ್ಯಾಂಕ್ ಖಾಲಿ ಇದ್ರೂ ಹೋಗಿ ಅದೇ ಥರ ಮೇಲಿನ ಮೂಲೇಲೇ ನಿಂತ್ಕೊಂಡಿದೆ. ಕಾಳು ಪುಡಿ ಮಾಡಿ ಹಾಕ್ದೆ. ಬಿದ್ದಿದ್ದನ್ನ ನೋಡ್ತು, ಬರಲಿಲ್ಲ. ನಾನು ಲೈಟ್ ಆರಿಸಿ ದೂರ ಕೂತೆ.

ಒಂಬತ್ತು ಗಂಟೆಗೆ ಒಂದು ಚೂರು ಬಾಯಿಗೆ ಹಾಕ್ಕೊಳ್ತು. ಉಗುಳಿ, ಮತ್ತೆ ಹಾಕ್ಕೊಳ್ತು.

ಅಮ್ಮನನ್ನ ಕರೆಯೋಣ ಅಂತ ಎದ್ದವನು ದೊಡ್ಡ ಟ್ಯಾಂಕ್ ಕಡೆ ತಿರುಗಿದ್ರೆ, ಹೀಟರ್ ಹಿಂದೆ ಈಗ ಇನ್ನೊಂದು ನಿಂತಿದೆ. ಉಳಿದ ಐದರಲ್ಲಿ ಸಣ್ಣದು ಅದೇ, ರೆಕ್ಕೆ ಮೈಗೆ ಅಂಟಿಸ್ಕೊಂಡಿದೆ. ಕೆಳಗೆ ಕಲ್ಲಿನ ಮುಂದೆ ಆರಾಟಸ್ ಆರಾಮಾಗಿ ಓಡಾಡ್ತಿದೆ. ಹುಳ ಆದ್ರೆ ಒಂದನ್ನೊಂದು ಹೊಡೆಯಲ್ಲ ಅಮ್ಮಾ. ನಾನು ಹೊರಗೆ ತೆಗೀಬೇಕಿದ್ದಿದ್ದು ಆ ಆರಾಟಸ್‌ನ, ಆದ್ರೆ ಅಂಗಡಿಯೋನು ವಾಪಸ್ ತಗೋತಾನೋ, ತಗೊಂಡ್ರೂ ಇನ್ಯಾರ ಟ್ಯಾಂಕ್‌ಗೆ ಹೋಗುತ್ತೋ.