ಬೇಸಾಯ ಬಿಟ್ಟ ಮೇಲೆ ಹೊಲದ ಮನೆಯನ್ನು ಬಾಡಿಗೆಗೆ ಕೊಟ್ಟದ್ದು

ಮೊಣಕಾಲು, ಬೆನ್ನು ಎರಡೂ ಕೈಕೊಟ್ಟ ವರ್ಷ ನಾನು ಬೇಸಾಯದಿಂದ ನಿವೃತ್ತನಾದೆ. ಜಮೀನನ್ನು ಪಕ್ಕದ ಹೊಲದವರೇ ಗುತ್ತಿಗೆಗೆ ವಹಿಸಿಕೊಂಡರು. ಇಬ್ಬರಿಗೂ ಮಣ್ಣಿನ ಗುಣ ಗೊತ್ತಿದ್ದುದರಿಂದ ಮಾತುಕತೆ ಒಂದೇ ದಿನದಲ್ಲಿ ಮುಗಿಯಿತು. ಮನೆಯ ವಿಷಯ ಹಾಗಾಗಲಿಲ್ಲ. ಮೂರು ತಲೆಮಾರು ಬಾಳಿದ ಆ ಮನೆ ಎಷ್ಟರಮಟ್ಟಿಗೆ ಬೇಸಾಯದ ಅಂಗವೇ ಆಗಿತ್ತೆಂಬುದು ಬಾಡಿಗೆಗೆ ಕೊಡಲು ಹೊರಟಾಗ ನನ್ನ ಅರಿವಿಗೆ ಬಂತು.

ಮನೆಯ ದೀಪಕ್ಕೂ ನೀರಾವರಿಯ ಪಂಪಿಗೂ ಇದ್ದದ್ದು ಒಂದೇ ಮೀಟರು. ಕುಡಿಯಲೂ ಬೆಳೆಗೂ ಒಂದೇ ಬಾವಿ. ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುವ ದಾರಿ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತದೆ. ನಾವೇ ಇದ್ದಾಗ ಇವೆಲ್ಲ ಅನುಕೂಲಗಳೇ ಆಗಿದ್ದವು. ಮನೆಯಲ್ಲಿ ಒಬ್ಬರು, ಹೊಲದಲ್ಲಿ ಇನ್ನೊಬ್ಬರು ಎಂದಾದಾಗ ಪ್ರತಿಯೊಂದೂ ಮನಸ್ತಾಪಕ್ಕೆ ಕಾರಣವಾಗಬಲ್ಲದು. ಆದ್ದರಿಂದ ಮೊದಲು ಮೀಟರನ್ನು ಬೇರೆ ಮಾಡಿಸಿದೆ.

ಬಾವಿಯ ವಿಚಾರದಲ್ಲಿ ನನಗೆ ಹೆಚ್ಚಿನ ಆತಂಕವಿತ್ತು. ಹತ್ತಿರದಲ್ಲೇ ಕೊಟ್ಟಿಗೆ, ತಿಪ್ಪೆಗುಂಡಿ, ದಶಕಗಳ ಕಾಲ ಗೊಬ್ಬರ ಉಂಡ ಹೊಲ ಇವೆಲ್ಲ ಇರುವಲ್ಲಿ ನೈಟ್ರೇಟ್ ಅಂಶ ನೀರಿಗೆ ಇಳಿಯುವುದು ಅಪರೂಪವಲ್ಲ. ಅದಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿರಲಿ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದನ್ನು ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯೇ ಕುಂದಬಹುದು. ಮನೆ ಕೇಳಿಕೊಂಡು ಬಂದವರ ಮಡಿಲಲ್ಲಿ ನಾಲ್ಕು ತಿಂಗಳ ಮಗುವಿತ್ತು. ಪರೀಕ್ಷೆಯ ವರದಿ ಕೈಗೆ ಬರುವವರೆಗೆ ನಾನು ಅವರಿಂದ ಮುಂಗಡ ಪಡೆಯಲಿಲ್ಲ. ನೀರು ಮಿತಿಯೊಳಗೇ ಇತ್ತು.

ಉಗ್ರಾಣದ ಮೂಲೆಯಲ್ಲಿ ಹಳೆಯ ಕೀಟನಾಶಕದ ಡಬ್ಬಿಗಳಿದ್ದವು. ಚೀಟಿ ಮಾಸಿ, ಮುಚ್ಚಳ ತುಕ್ಕು ಹಿಡಿದು, ಒಳಗೇನಿದೆಯೆಂದು ನನಗೇ ತಿಳಿಯದಂತಾಗಿತ್ತು. ಅವನ್ನು ಚರಂಡಿಗೆ ಸುರಿಯುವುದಾಗಲಿ ಹೂಳುವುದಾಗಲಿ ಮಾಡದೆ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ. ಗೋಡೆಗಳದು ಸಣ್ಣ ಕೆಲಸ: ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುವುದರಿಂದ ಸುಣ್ಣವನ್ನೇ ಬಳಿಸಿದೆ.

ಕರಾರುಪತ್ರದಲ್ಲಿ ಎಲ್ಲವನ್ನೂ ಬರೆಸಿದೆ: ಯಾವ ಕೋಣೆಗಳು ಅವರವು, ಮಲಗುಂಡಿ ತೆಗೆಸುವ ಖರ್ಚು ಯಾರದು, ಟ್ರ್ಯಾಕ್ಟರ್ ಹಾದುಹೋಗುವ ಹಕ್ಕು, ಔಷಧಿ ಸಿಂಪಡಿಸುವ ಹಿಂದಿನ ದಿನವೇ ಮನೆಯವರಿಗೆ ತಿಳಿಸುವ ಹೊಣೆ. ಮಾಲೀಕ ಬರುವುದಾದರೆ ಒಂದು ದಿನ ಮೊದಲೇ ಹೇಳಬೇಕೆಂಬ ಷರತ್ತನ್ನೂ ನಾನೇ ಹಾಕಿಸಿದ್ದೆ, ಮೊದಲು ಮುರಿದವನೂ ನಾನೇ. ಎರಡನೆಯ ತಿಂಗಳು, ಜೋರು ಮಳೆಯಾದ ಮರುದಿನ, ಹಂಚು ಸರಿದಿದೆಯೇ ನೋಡೋಣವೆಂದು ಎಂದಿನಂತೆ ಹಿತ್ತಲ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಆ ತಾಯಿ ಮಗುವಿಗೆ ಹಾಲೂಡಿಸುತ್ತಿದ್ದವರು ಬೆಚ್ಚಿ ಸೆರಗು ಎಳೆದುಕೊಂಡರು. ನಾನು ಕ್ಷಮೆ ಕೇಳಿ ಹೊರಗೆ ಬಂದೆ. ಐವತ್ತು ವರ್ಷ ನನ್ನದಾಗಿದ್ದ ಬಾಗಿಲನ್ನು ತಟ್ಟಿ ನಿಲ್ಲುವುದನ್ನು ನಾನು ಕಲಿಯಬೇಕಾಗಿತ್ತು, ಅದು ನನಗೆ ನಿಜಕ್ಕೂ ಕಷ್ಟವಾಯಿತು.

ಆ ಬಾಗಿಲ ಹೊರಗಿನ ಮೆಟ್ಟಿಲುಕಲ್ಲಿನಲ್ಲಿ, ತಾತನ ಕಾಲದಿಂದ ಕುಡುಗೋಲು ಮಸೆದೂ ಮಸೆದೂ ಬೊಗಸೆಯಷ್ಟು ತಗ್ಗು ಬಿದ್ದಿದೆ. ಮಗು ಈಗ ಅಂಬೆಗಾಲಿಡುತ್ತಿದೆ, ಅಲ್ಲಿ ನೀರು ನಿಂತು ಪಾಚಿ ಕಟ್ಟುತ್ತಿದೆ, ಸಿಮೆಂಟು ತುಂಬಿಸಬಹುದೇ ಎಂದು ಕಳೆದ ವಾರ ಆಕೆ ಫೋನಿನಲ್ಲಿ ಕೇಳಿದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, ತುಂಬಿಸುವುದು ಬೇಡ, ಕಲ್ಲನ್ನೇ ಎಬ್ಬಿಸಿ ಬೇರೆ ಕಲ್ಲು ಹಾಕಿಸಿಕೊಡುತ್ತೇನೆ, ನಾಳೆ ಹತ್ತು ಗಂಟೆಗೆ ಬರಬಹುದೇ ಎಂದು ಕೇಳಿದೆ.