8 ಇಂಚಿನ ಡಾಬ್ ಟೆಲಿಸ್ಕೋಪ್ ತಗೊಳೋದಾ ಬೇಡ್ವಾ: ಏಪ್ರಿಲ್ ಅಪ್‌ಡೇಟ್

ಸದ್ಯದ ಸೆಟಪ್ ಹೇಳ್ಬಿಡ್ತೀನಿ, 130/650 ನ್ಯೂಟೋನಿಯನ್ ಟೆಲಿಸ್ಕೋಪ್ (130 ಎಂಎಂ ಅಗಲದ ಕನ್ನಡಿ, 650 ಎಂಎಂ ಫೋಕಲ್ ಲೆಂತ್), ಅದರ ಜೊತೇಲೇ ಬಂದ 25 ಮತ್ತು 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸ್, ಎಂಎಂ ಕಮ್ಮಿ ಆದಷ್ಟೂ ದೊಡ್ಡದಾಗಿ ತೋರ್ಸತ್ತೆ), ಮೈಸೂರಲ್ಲಿ ಮನೆ ಟೆರೇಸ್. 8 ಇಂಚಿನ ಡಾಬ್ಸೋನಿಯನ್ (ಡಾಬ್ ಅಂದ್ರೆ ಇದೇ, ನೆಲದ ಮೇಲಿಡೋ ಸರಳ ಸ್ಟ್ಯಾಂಡಿನ ಕನ್ನಡಿ ಟೆಲಿಸ್ಕೋಪ್) ಮೇಲೆ ಕಣ್ಣು ಬಿದ್ದು ತುಂಬಾ ದಿನ ಆಯ್ತು, 203 ಎಂಎಂ ಕನ್ನಡಿ ಅಂದ್ರೆ ನಂದಕ್ಕಿಂತ ಸುಮಾರು 2.4 ಪಟ್ಟು ಬೆಳಕು, ಆಸೆ ಆಗ್ದೆ ಇರತ್ತಾ. ಆದ್ರೆ ದುಡ್ಡು ಹಾಕೋ ಮುಂಚೆ ಈ ತಿಂಗಳು ಒಂದು ಕೆಲಸ ಮಾಡಿದೆ, ಏನಾದ್ರೂ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಯಾಕೆ ಅಂತ ನೋಟ್‌ಬುಕ್ಕಲ್ಲಿ ಅಲ್ಲೇ ಬರೆದಿಟ್ಟೆ: ಆಕಾಶನಾ, ಸ್ಟ್ಯಾಂಡಾ, ಐಪೀಸಾ, ಕನ್ನಡಿನಾ.

ಒಮೆಗಾ ಸೆಂಟಾರಿ ನೋಡಿ, ಲಕ್ಷಾಂತರ ನಕ್ಷತ್ರಗಳ ಉಂಡೆಯಂಥ ಗುಚ್ಛ. ನಮ್ಮೂರಲ್ಲಿ ದಕ್ಷಿಣಕ್ಕೆ 30 ಡಿಗ್ರಿವರೆಗೂ ಏರತ್ತೆ (ಲಂಡನ್ನಲ್ಲಿರೋರಿಗೆ ಕಾಣೋದೇ ಇಲ್ಲ, ಪಾಪ). ಟೆರೇಸಿಂದ ಬರೀ ಮಬ್ಬು ಉಂಡೆ. ಇದೇ ಟೆಲಿಸ್ಕೋಪ್‌ನ ಹುಣಸೂರು ಕಡೆ ಚಿಕ್ಕಪ್ಪನ ತೋಟಕ್ಕೆ ಹೊತ್ಕೊಂಡು ಹೋದ್ರೆ ಅಂಚೆಲ್ಲಾ ರವೆ ಚೆಲ್ಲಿದಂಗೆ ಕಾಳು ಕಾಳಾಗಿ ಬಿಡಿಸ್ಕೊಳ್ತು! ಅಂದ್ರೆ ಅಡ್ಡಿ ಆಕಾಶದ್ದು. ಇಂಥ ಗುಚ್ಛಗಳಿಗೆ ದೊಡ್ಡ ಕನ್ನಡಿ ಸಿಟಿಲೂ ಹೆಲ್ಪ್ ಆಗತ್ತೆ, ಇಲ್ಲ ಅನ್ನಲ್ಲ, ಆದ್ರೆ ಗ್ಯಾಲಕ್ಸಿ ವಿಷಯದಲ್ಲಿ ಅದು ಬೀದಿ ದೀಪದ ಬೆಳಕನ್ನೂ ಅಷ್ಟೇ ಜಾಸ್ತಿ ಹಿಡ್ಕೊಂಡು ಬರತ್ತೆ.

ಇನ್ನು ಕನ್ಯಾ ರಾಶಿಯ ಪೊರ್ರಿಮಾ, ಜೋಡಿ ನಕ್ಷತ್ರ, ನಡುವೆ ಸುಮಾರು 3 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಲಿ 3600 ಆರ್ಕ್‌ಸೆಕೆಂಡ್). 130 ಎಂಎಂ ಕನ್ನಡಿ ಲೆಕ್ಕದ ಪ್ರಕಾರ 0.9 ತನಕ ಬಿಡಿಸ್ಬೇಕು, ಆದ್ರೆ 10 ಎಂಎಂ ಐಪೀಸಲ್ಲಿ ಸಿಗೋದು 65 ಪಟ್ಟು ಮಾತ್ರ, ಉದ್ದುದ್ದಕ್ಕೆ ಕಾಣತ್ತೆ, ಎರಡು ಅಂತ ಹೇಳೋಕೆ ಧೈರ್ಯ ಬರಲ್ಲ. ಇಲ್ಲಿ ಅಡ್ಡಿ ಐಪೀಸ್. ಫೋಕಸ್ ಮುಟ್ಟಿದ್ರೆ ಸ್ಟ್ಯಾಂಡ್ ಅಲ್ಲಾಡ್ತಿತ್ತಲ್ಲ, ಟ್ರೈಪಾಡ್ ನಡುವೆ ಚೀಲದಲ್ಲಿ ಇಟ್ಟಿಗೆ ತುಂಬಿ ನೇತು ಹಾಕಿದೀನಿ, ಖರ್ಚು ಸೊನ್ನೆ.

ನೋಟ್‌ಬುಕ್ ತಿರುವಿ ಹಾಕಿದ್ರೆ ಕನ್ನಡಿ ಸಾಲ್ದು ಅಂತ ಬರೆದಿರೋದು ತೋಟದ ರಾತ್ರಿಗಳಲ್ಲಿ ಮಾತ್ರ, ಎಂ51 ಗ್ಯಾಲಕ್ಸಿಯ ಸುರುಳಿ ಹುಡುಕ್ದಾಗ. ಟೆರೇಸಿನ ಪುಟಗಳಲ್ಲಿ ಒಂದೂ ಇಲ್ಲ. 20 ಕೆಜಿ ದಾಟೋ ಡಾಬ್‌ನ ಪ್ರತೀ ಸಲ ಕಾರಲ್ಲಿ ತುಂಬ್ಕೊಂಡು ಹೋಗ್ತೀನಾ ಅನ್ನೋದೇ ಈಗಿನ ಪ್ರಶ್ನೆ.

ಸೋ ಈಗ 6 ಎಂಎಂ ಐಪೀಸ್ ಆರ್ಡರ್ ಮಾಡಿದೀನಿ, 108 ಪಟ್ಟು ಸಿಗತ್ತೆ, ಮುಂದೆ 1200 ಎಂಎಂ ಫೋಕಲ್ ಲೆಂತ್ ಡಾಬ್ ಬಂದ್ರೆ ಅದೇ 200 ಆಗತ್ತೆ, ದುಡ್ಡು ವೇಸ್ಟ್ ಇಲ್ಲ. ಜೂನ್‌ನಿಂದ ಹೆಂಗೂ ಮೋಡ, ಹೊಸ ಕನ್ನಡಿ ತಂದು ಮಳೆಗಾಲದ ತೇವದಲ್ಲಿ ಫಂಗಸ್ ಕಾಯೋದು ಯಾರಿಗೆ ಬೇಕು, ಡಾಬ್ ಮಾತು ಅಕ್ಟೋಬರ್‌ಗೆ.