ಯಾವ ಅಂಗನವಾಡಿಗೆ ಸೇರಿಸೋಣ ಅಕ್ಕಾ?

ತಿ. ನರಸೀಪುರದ ಕಡೆಯವಳು ನಾನು. ಮಗುವಿಗೆ ಮೂರು ತುಂಬುತ್ತಿದ್ದ ಹಾಗೆ ಸುತ್ತಮುತ್ತಲ ತಾಯಂದಿರು ಬಂದು ಕೇಳುವುದು ಇದನ್ನೇ: "ಅಕ್ಕಾ, ನಮ್ಮೂರಲ್ಲೇ ಎರಡು ಅಂಗನವಾಡಿ ಇವೆ, ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿಯೂ ಇದೆ. ಯಾವುದಕ್ಕೆ ಸೇರಿಸೋಣ?"

ಗೋಡೆ ತುಂಬಾ ಆನೆ, ನವಿಲು ಬರೆಸಿರುವ ಕೇಂದ್ರ ನೋಡಿ ಮರುಳಾಗಬೇಡಿ ಅಂತ ಮೊದಲು ಹೇಳುತ್ತೇನೆ. ಹಾಲು, ಮೊಟ್ಟೆ, ಮಧ್ಯಾಹ್ನದ ಊಟ, ತೂಕ ನೋಡುವುದು, ಆಟದ ಜೊತೆ ಪಾಠ ಹೇಳುವ 'ಚಿಲಿಪಿಲಿ', ಇವೆಲ್ಲ ಹೆಚ್ಚುಕಮ್ಮಿ ಎಲ್ಲ ಅಂಗನವಾಡಿಗೂ ಒಂದೇ. ಬೇರೆ ಬೇರೆ ಇರುವುದು ಟೀಚರ್‌ಗೆ ಮಕ್ಕಳ ಜೊತೆ ಕೂರಲು ಸಿಗುವ ಹೊತ್ತು.

ಈ ಹೊತ್ತು ಯಾಕೆ ಸಿಗುವುದಿಲ್ಲ ಅಂತ ಜನ ಯೋಚಿಸುವುದು ಕಮ್ಮಿ. 1975ರ ಅಕ್ಟೋಬರ್ 2ರಂದು ಅಂಗನವಾಡಿ ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ದೇಶದಲ್ಲಿ ಆರಿಸಿದ್ದು 33 ಕಡೆ. ಅದರಲ್ಲಿ ನಮ್ಮ ತಿ. ನರಸೀಪುರವೂ ಒಂದು. ಆಗಿನಿಂದಲೂ ಗರ್ಭಿಣಿ, ಬಾಣಂತಿ, ಎಳೆಗೂಸು, ಎಲ್ಲರ ಲೆಕ್ಕವೂ ಕಾರ್ಯಕರ್ತೆಯ ತಲೆ ಮೇಲಿದೆ. 2017ರಲ್ಲಿ ಮಾತೃಪೂರ್ಣ ಬಂತು, ಗರ್ಭಿಣಿ ಬಾಣಂತಿಯರ ಬಿಸಿಯೂಟವೂ ಅಲ್ಲೇ ಆಯಿತು. ಈಗ ಪೋಷಣ್ ಟ್ರ್ಯಾಕರ್ ಅಂತ ಎಲ್ಲವನ್ನೂ ಮೊಬೈಲಿಗೆ ಹಾಕಬೇಕು. ನಡುವೆ ಸರ್ವೆ ಬೇರೆ. ಇಷ್ಟರ ಮೇಲೆ ಸಹಾಯಕಿ ಇಲ್ಲ ಅಂದರೆ ಒಲೆಯ ಮುಂದೆ ನಿಲ್ಲುವುದೂ ಟೀಚರೇ. ಹಾಡು, ಕಥೆ ಹೇಳುವುದು ಯಾವಾಗ? ಅವರನ್ನು ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಾಗಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎರಡೂ ಕೇಂದ್ರಕ್ಕೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ. ಸಹಾಯಕಿ ಇದ್ದಾರಾ? ಹಾಜರಿ ಪುಸ್ತಕ ಬಿಡಿ, ಚಾಪೆ ಮೇಲೆ ಎಷ್ಟು ಮಕ್ಕಳಿದ್ದಾರೆ? ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯಾ, ಬೀರುವಿನಲ್ಲಿದೆಯಾ? ಶೌಚಾಲಯದಲ್ಲಿ ನೀರು ಬರುತ್ತಾ? ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವುದನ್ನಂತೂ ನೋಡಲೇಬೇಕು. ಎರಡೂ ಒಂದೇ ಥರ ಅನಿಸಿದರೆ ಮನೆಗೆ ಹತ್ತಿರ ಇರುವುದಕ್ಕೇ ಸೇರಿಸಿ. ದೂರ ಇದ್ದರೆ ಮಳೆ ಬಂದ ದಿನ, ಕೂಲಿಗೆ ಬೇಗ ಹೊರಡುವ ದಿನ ಮಗು ಮನೆಯಲ್ಲೇ ಉಳಿಯುತ್ತದೆ.

ಇನ್ನು ಎಲ್‌ಕೆಜಿ. ಅದು ನಾಲ್ಕು ತುಂಬಿದ ಮೇಲಿನ ಮಾತು. ಮೂರು ವರ್ಷದ ಮಗುವಿಗೆ ಅಂಗನವಾಡಿಯೇ. ಆಮೇಲೆ ಇಂಗ್ಲಿಷ್ ಬರಲಿ ಅಂತ ಆಸೆ ಪಡುವುದು ತಪ್ಪಲ್ಲ. ಆದರೆ ನಾಲ್ಕು ವರ್ಷದ ಬೆರಳಿಗೆ ಪೆನ್ಸಿಲ್ ಕೊಟ್ಟು ಎಬಿಸಿಡಿ ತುಂಬಿಸುವುದೇ ಅಲ್ಲಿನ ಕೆಲಸವಾಗಿದ್ದರೆ ನಾನು ಕಳಿಸು ಅನ್ನುವುದಿಲ್ಲ. ಒಂದನೇ ತರಗತಿಗೆ ಆರು ವರ್ಷ ಅಂತ ಇರುವಾಗ ಯಾಕೆ ಅವಸರ? ಹಾಡು, ಕುಣಿತ, ಮಣ್ಣಾಟ ಇರುವ ಅಂಗನವಾಡಿ ಸಿಕ್ಕಿದ್ದರೆ ಐದರವರೆಗೂ ಅಲ್ಲೇ ಇರಲಿ.

ಹತ್ತಿರದ ಕೇಂದ್ರವೇ ಸರಿಯಿಲ್ಲ ಅನ್ನುವವರು ಅಂಗನವಾಡಿಯ ಉಸ್ತುವಾರಿ ನೋಡುವ ಬಾಲ ವಿಕಾಸ ಸಮಿತಿ ಸಭೆಗೆ ಹೋಗಿ. ತಾಯಂದಿರ ಮಾತಿಗೂ ಅಲ್ಲಿ ಜಾಗ ಇದೆ. ಸಹಾಯಕಿ ಹುದ್ದೆ ಖಾಲಿ ಇದ್ದರೆ ಹತ್ತು ಮನೆಯವರು ಸಹಿ ಹಾಕಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಅರ್ಜಿ ಕೊಡಿ. ನಮ್ಮ ಬೀದಿಗೆ ಅಂಗನವಾಡಿಯೇ ಇಲ್ಲ ಅನ್ನುವವರಿಗೂ ದಾರಿ ಇದೆ. ಆರು ವರ್ಷದೊಳಗಿನ 40 ಮಕ್ಕಳಿರುವ ಕಡೆ ಜನ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅರ್ಜಿಯಲ್ಲಿ ಆ ಆದೇಶದ ವಿಷಯವನ್ನೂ ಬರೆಯಿರಿ.